ಅಡಿಕೆ ಮರದ ಡ್ರ್ಯಾಗನ್

ಯಾವುದಾದರೂ ದೊಡ್ಡ ಪುಸ್ತಕದಂಗಡಿಯ ಕನ್ನಡ ವಿಭಾಗಕ್ಕೆ ಹೋಗಿ ನೋಡಿ. ಕಾದಂಬರಿಗೆ ಒಂದು ಕಪಾಟು, ಸಣ್ಣಕತೆಗೆ ಒಂದು, ಅಧ್ಯಾತ್ಮಕ್ಕೆ ಎರಡು, ವ್ಯಕ್ತಿತ್ವ ವಿಕಸನಕ್ಕೆ ಬಾಗಿಲಲ್ಲೇ ಕಾಣುವ ಹಾಗೆ ಮೂರು. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಅಂತ ಬರೆದ ಚೀಟಿ ಮಾತ್ರ ಎಲ್ಲೂ ಇರೋದಿಲ್ಲ. ಕೇಳಿದರೆ ಮಕ್ಕಳ ಪುಸ್ತಕದ ಕಡೆ ಕೈ ತೋರಿಸುತ್ತಾರೆ. ಅದೇ ಅಂಗಡಿಯ ಇಂಗ್ಲಿಷ್ ಮಗ್ಗುಲಲ್ಲಿ ಟೋಲ್ಕಿನ್, ಅಸಿಮೋವ್, ಲಿಯು ಸಿಕ್ಸಿನ್ ಎಲ್ಲರೂ ನೆಲದಿಂದ ಸೂರಿನವರೆಗೆ ಕೂತಿರುತ್ತಾರೆ. ಹಗಲು ಕೋಡ್ ಬರೆದು ರಾತ್ರಿ ಕಿಂಡಲ್ ಹಿಡಿಯುವ ನನ್ನ ಓರಗೆಯವರು ಇದನ್ನು ನೋಡಿಯೇ, ಕನ್ನಡದಲ್ಲಿ ಈ ಜಾತಿಯ ಪುಸ್ತಕ ಇಲ್ಲ ಬಿಡಿ ಅಂದುಬಿಡುತ್ತಾರೆ. ಈ ಮಾತು ಅರ್ಧ ನಿಜ. ಯಾವ ಅರ್ಧ ಅನ್ನೋದರ ಬಗ್ಗೆ ನನ್ನದೊಂದು ತಕರಾರಿದೆ.

ಮೂವತ್ತು ವರ್ಷದಿಂದ ನಾನು ಓದುತ್ತಾ ಬಂದಿರೋದು ಹೆಚ್ಚಾಗಿ ಇಂಥ ಪುಸ್ತಕಗಳನ್ನೇ. ಇವುಗಳಲ್ಲಿ ಯಾವುದು ಮನಸ್ಸಿನಲ್ಲಿ ಉಳೀತು, ಯಾವುದು ಓದಿದ ಮರುವಾರ ಜಾರಿ ಹೋಯ್ತು ಅಂತ ಲೆಕ್ಕ ಹಾಕುವ ಸಂದರ್ಭ ಈಚೆಗೆ ಬಂತು. ಊರಲ್ಲಿರುವ ಅಣ್ಣನ ಮಗಳಿಗೆ ಈಗ ಹದಿಮೂರು. ದಪ್ಪ ದಪ್ಪ ಇಂಗ್ಲಿಷ್ ಫ್ಯಾಂಟಸಿಗಳನ್ನು ಹುರಿಗಡಲೆ ತಿಂದ ಹಾಗೆ ಓದ್ತಾಳೆ. ಕನ್ನಡ ಓದೋಕೆ ಚೆನ್ನಾಗಿಯೇ ಬರುತ್ತದೆ, ಆದರೆ ಓದೋದಿಲ್ಲ. ಕಾರಣ ಕೇಳಿದ್ದಕ್ಕೆ ಅವಳೇ ತಿರುಗಿ ಕೇಳಿದಳು: "ಅಪ್ಪಚ್ಚಿ, ಕನ್ನಡದಲ್ಲಿ ಒಂದು ಡ್ರ್ಯಾಗನ್ನೂ ಇಲ್ಯಾ?" ಹದಿಮೂರರ ವಯಸ್ಸಿನಲ್ಲಿ ಒಂದು ಭಾಷೆಯನ್ನು ಹೋಂವರ್ಕಿನ ಭಾಷೆ ಅಂತ ತೀರ್ಮಾನಿಸಿಬಿಟ್ಟವರು ಮತ್ತೆ ಅದರ ಕಡೆ ಬರೋದು ಕಷ್ಟ. ಹಾಗಾಗಿ ಅವಳಿಗೊಂದು ಪಟ್ಟಿ ಮಾಡಿಕೊಡೋ ಕೆಲಸವನ್ನು ನಾನು ಆಫೀಸಿನ ಡೆಡ್‌ಲೈನಿಗಿಂತ ಗಂಭೀರವಾಗಿ ತಗೊಂಡೆ.

ಮೊದಲು ಊರಿನ ವಿಷಯ ಹೇಳಬೇಕು. ನನ್ನ ರುಚಿ ತಯಾರಾದದ್ದೇ ಅಲ್ಲಿ. ಸೋಂದಾ ಅಂದರೆ ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವಾಗ ಒಳಗೆ ಸಿಗೋ ಊರು. ಒಂದು ಕಾಲಕ್ಕೆ ಅರಸರ ರಾಜಧಾನಿ. ಈಗ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ, ಶಾಲ್ಮಲಾ ಹೊಳೆ ಮತ್ತು ಅಡಿಕೆ ತೋಟ. ಇಲ್ಲಿ ಭೂತರಾಜರು ಪುರಾಣದ ಪಾತ್ರ ಅಲ್ಲ, ಹೆಚ್ಚುಕಮ್ಮಿ ನೆರೆಮನೆಯವರು. ಅವರ ಕತೆ ಹೀಗೆ: ಶಾಪದಿಂದ ಬ್ರಹ್ಮರಾಕ್ಷಸನಾದವನೊಬ್ಬ ದಾರಿಹೋಕರನ್ನು ತಡೆದು ಒಗಟು ಕೇಳುತ್ತಿದ್ದ. ಉತ್ತರ ಹೇಳದವರನ್ನು ತಿಂದುಹಾಕುತ್ತಿದ್ದ. ಒಗಟೂ ಸಾಮಾನ್ಯದ್ದಲ್ಲ, ಆಷಾಢ, ಕಾರ್ತಿಕ, ಮಾಘ, ವೈಶಾಖ ಈ ನಾಲ್ಕು ತಿಂಗಳ ಮೊದಲಕ್ಷರ ಹಿಡಿದು ಕಟ್ಟಿದ ಗಂಟು. ವಾದಿರಾಜರು ಬಿಡಿಸಿದರು, ಬ್ರಹ್ಮರಾಕ್ಷಸ ಸೋತ. ಆಮೇಲೆ ಅವರ ಸೇವಕನಾಗಿ ನಿಂತ. ದೂರದ ಬದರಿಯಿಂದ ದೇವಸ್ಥಾನವನ್ನೇ ಹೊತ್ತು ತಂದ. ದಾರಿಯಲ್ಲಿ ಅಡ್ಡ ಬಂದ ರಾಕ್ಷಸನಿಗೆ ರಥದ ಗಾಲಿಯನ್ನೇ ಕಿತ್ತು ಎಸೆದ. ಆ ಗಾಲಿ ಯಾಕಿಲ್ಲ ಅಂತ ಕೇಳಿದ ಮಗುವಿಗೆ ಊರಲ್ಲಿ ಈಗಲೂ ಸಿಗುವ ಉತ್ತರ ಇದೇ.

ಇಂಗ್ಲಿಷ್ ಪುಸ್ತಕಗಳ ಪೈಕಿ ನನಗೆ ಮೊದಲು ಸಿಕ್ಕಿದ್ದು ‘ದಿ ಹಾಬಿಟ್’. 1937ರ ಪುಸ್ತಕ. ಅದರಲ್ಲೂ ಕತ್ತಲಲ್ಲಿ ಒಗಟಿನ ಪಂದ್ಯ ಇದೆ, ಸೋತರೆ ಗೊಲ್ಲಮ್ ತಿಂದುಹಾಕುತ್ತಾನೆ. ಓದುವಾಗ ನನಗೆ ಆಶ್ಚರ್ಯ ಆಗಲಿಲ್ಲ, ಪರಿಚಯದವರು ಸಿಕ್ಕ ಹಾಗಾಯ್ತು. ಆದರೆ ಗೆದ್ದ ಮೇಲೆ ಏನಾಗುತ್ತೆ ಅನ್ನೋದರಲ್ಲಿ ಎರಡು ಕತೆಗಳ ದಾರಿ ಬೇರೆ. ಬಿಲ್ಬೊ ಒಗಟೇ ಅಲ್ಲದ ಒಂದು ಪ್ರಶ್ನೆ ಕೇಳಿ ಪಾರಾಗುತ್ತಾನೆ, ಗೊಲ್ಲಮ್ ಕತ್ತಲಲ್ಲೇ ಉಳಿಯುತ್ತಾನೆ. ಸೋಂದೆಯಲ್ಲಿ ಸೋತವನನ್ನು ಮನೆಗೆ ಕರೆದು ಕೆಲಸಕ್ಕೆ ಹಚ್ಚುತ್ತಾರೆ. ಅವನಿಗೊಂದು ಗುಡಿ ಆಗುತ್ತದೆ, ಜನ ಕಾಯಿ ಒಪ್ಪಿಸುತ್ತಾರೆ. ಹೀಗಾಗಿ ಟೋಲ್ಕಿನ್ ಮೇಲೆ ಎಷ್ಟೇ ಪ್ರೀತಿ ಇದ್ದರೂ ‘ಲಾರ್ಡ್ ಆಫ್ ದಿ ರಿಂಗ್ಸ್’ನ ದೊಡ್ಡ ಯುದ್ಧಗಳು ನನಗೆ ಯಾವತ್ತೂ ಸ್ವಲ್ಪ ದೂರವೇ. ಕೆಟ್ಟದ್ದು ಅಲ್ಲೆಲ್ಲೋ ಪೂರ್ವದಿಕ್ಕಿನ ಗುಡ್ಡದಾಚೆ ಇದೆ, ಅದನ್ನು ಮುಗಿಸಿಬಿಟ್ಟರೆ ಆಯ್ತು ಅನ್ನೋ ಲೆಕ್ಕ ಯಾಕೋ ಸರಿಹೊಂದೋದಿಲ್ಲ.

ಸರಿಹೊಂದಿದ್ದು ಅರ್ಸುಲಾ ಲೆ ಗ್ವಿನ್. 1968ರಲ್ಲಿ ಬಂದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಇನ್ನೂರು ಪುಟದ ಆಸುಪಾಸಿನ ಪುಟ್ಟ ಪುಸ್ತಕ. ಅದರಲ್ಲಿ ಗೆಡ್ ಅನ್ನೋ ಹುಡುಗ ಜಂಭಕ್ಕೆ ಬಿದ್ದು ಒಂದು ನೆರಳನ್ನು ಈ ಲೋಕಕ್ಕೆ ಬಿಟ್ಟುಬಿಡುತ್ತಾನೆ. ಅದು ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಓಡಿ ಓಡಿ ಸಾಕಾಗಿ ಕೊನೆಗೆ ಅವನೇ ಅದರ ಬೆನ್ನು ಹತ್ತುತ್ತಾನೆ. ಕಡಲಿನ ಕೊನೆಯಲ್ಲಿ ಎದುರಾದಾಗ ಕತ್ತಿ ಎತ್ತುವುದಿಲ್ಲ, ಅದರ ಹೆಸರು ಹೇಳುತ್ತಾನೆ. ಆ ಹೆಸರು ಅವನದೇ. ಲೆ ಗ್ವಿನ್ ಓದಿದ್ದು ಚೀನಾದ ತಾವೋ ಗ್ರಂಥಗಳನ್ನು. ಆದರೂ ಭೂತವನ್ನು ಕೊಲ್ಲಬಾರದು, ಸರಿಯಾದ ಮಾತು ಹೇಳಿ ಒಳಗೆ ಕರ್ಕೋಬೇಕು ಅನ್ನೋದು ನಮ್ಮ ಅಮ್ಮಮ್ಮನಿಗೂ ಗೊತ್ತಿದ್ದ ವಿಷಯ. ನನ್ನ ಪಟ್ಟಿಯಲ್ಲಿ ಇಂಗ್ಲಿಷಿನದ್ದು ಒಂದೇ ಇರಬೇಕು ಅಂದರೆ ಅದು ಇದು. ವಾಕ್ಯಗಳು ಸಣ್ಣವು, ಸದ್ದಿಲ್ಲದವು, ಎಲ್ಲಿಯೂ ಒಂದು ಮಾತು ಹೆಚ್ಚಿಲ್ಲ.

ಇಷ್ಟಾದ ಮೇಲೆ ನನ್ನ ಅಳತೆಗೋಲು ಏನು ಅಂತ ನಿಮಗೆ ಅಂದಾಜಾಗಿರಬೇಕು. ಅದ್ಭುತಕ್ಕೆ ಒಂದು ವಿಳಾಸ ಇರಬೇಕು. ಅದು ಯಾರ ಹಿತ್ತಲಲ್ಲಿ ನಡೆಯಿತು, ಮರುದಿನ ಆ ಮನೆಯವರು ದನಕ್ಕೆ ಹುಲ್ಲು ಹಾಕಿದರೋ ಇಲ್ಲವೋ ಗೊತ್ತಾಗಬೇಕು. ಈ ಗೋಲು ಹಿಡಿದು ಕನ್ನಡದ ಕಪಾಟು ಅಳೆದರೆ ತಮಾಷೆಯ ಫಲಿತಾಂಶ ಬರುತ್ತದೆ. ವೈಜ್ಞಾನಿಕ ಕಾದಂಬರಿ ಅಂತ ಹೆಸರು ಹೊತ್ತವು ಬಹಳಷ್ಟು ಬಿದ್ದುಹೋಗುತ್ತವೆ. ಆ ಹೆಸರೇ ಇಲ್ಲದೆ, ಬರೀ ಸಾಹಿತ್ಯ ಅಂತ ಗೌರವದ ಕಪಾಟಿನಲ್ಲಿ ಕೂತಿರುವ ಪುಸ್ತಕಗಳು ಎದ್ದು ಬರುತ್ತವೆ.

ಚಂದಮಾಮದ ವಿಷಯ ಬೇಗ ಮುಗಿಸುತ್ತೇನೆ, ಆ ಬಗ್ಗೆ ಕಣ್ಣೀರು ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಕನ್ನಡದಲ್ಲಿ ಅದು ಬರತೊಡಗಿದ್ದು 1949ರಲ್ಲಿ. ಶಂಕರ್ ಬರೆದ ಆ ಚಿತ್ರ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ನಮ್ಮ ತಲೆಮಾರಿನ ತಲೆಯೊಳಗೆ ಅಚ್ಚಾಗಿ ಕೂತಿದೆ. ನನಗೆ ಮುಖ್ಯ ಅನ್ನಿಸಿದ್ದು ಬೇತಾಳದ ಸ್ವಭಾವ. ಕತೆ ಹೇಳಿ ಸುಮ್ಮನಾಗದೆ, ಈ ಪಾತ್ರ ಹೀಗೆ ಯಾಕೆ ಮಾಡಿತು ಹೇಳು, ಇಲ್ಲದಿದ್ರೆ ತಲೆ ಹೋಳಾದೀತು ಅಂತ ಕೇಳುವ ದೆವ್ವ ಅದು. ವಿಮರ್ಶಕರಿಗೆ ಇಂಥ ಅಧಿಕಾರ ಮತ್ತೆಲ್ಲೂ ಸಿಕ್ಕಿಲ್ಲ.

ಇನ್ನೂ ಹಿಂದಕ್ಕೆ ಹೋಗೋದಾದರೆ 12ನೇ ಶತಮಾನದ ನೇಮಿಚಂದ್ರನ ‘ಲೀಲಾವತಿ’. ಜಯಂತಿಪುರದ ರಾಜಕುಮಾರ ಕನಸಿನಲ್ಲಿ ಒಬ್ಬ ಹುಡುಗಿಯನ್ನು ಕಾಣುತ್ತಾನೆ, ಅವಳೂ ಅವನನ್ನು ಕನಸಿನಲ್ಲೇ ಕಾಣುತ್ತಾಳೆ, ಅವನು ಹುಡುಕಿಕೊಂಡು ಹೊರಡುತ್ತಾನೆ. ಜಯಂತಿಪುರ ಅಂದರೆ ನಮ್ಮ ಬನವಾಸಿ. ಶಿರಸಿಯಿಂದ ಬಸ್ ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಸಿಗುವ ಊರು. ಹಳಗನ್ನಡದ ವರ್ಣನೆಗಳು ಒಂದು ಹಂತದ ಮೇಲೆ ಉಸಿರು ಕಟ್ಟಿಸುತ್ತವೆ, ಹದಿಮೂರರವಳಿಗೆ ಕೊಡುವಂಥದ್ದಲ್ಲ. ಆದರೆ ಫ್ಯಾಂಟಸಿ ನಮಗೆ ಹೊರಗಿನಿಂದ ಬಂದ ಮಾಲು ಅನ್ನುವವರ ಮುಂದೆ ಇಡಲಿಕ್ಕೆ ಸಾಕು.

ಪಟ್ಟಿಯ ಮೊದಲ ಕನ್ನಡ ಹೆಸರು ಗಿರೀಶ್ ಕಾರ್ನಾಡರದ್ದು. ಹುಬ್ಬೇರಿಸಬೇಡಿ. ‘ಹಯವದನ’ (1971) ಮತ್ತು ‘ನಾಗಮಂಡಲ’ (1988) ಪಠ್ಯಪುಸ್ತಕದ ನಾಟಕಗಳು ಅಂತ ನಾವು ಮರೆತುಬಿಟ್ಟಿದ್ದೇವೆ. ಎರಡು ತಲೆ ಅದಲುಬದಲಾಗೋದು, ಕುದುರೆ ತಲೆಯ ಮನುಷ್ಯ ಪೂರ್ಣತೆ ಬೇಡುವುದು, ಹಾವು ಗಂಡನ ವೇಷದಲ್ಲಿ ರಾತ್ರಿ ಮನೆಗೆ ಬರೋದು: ಇದನ್ನು ಫ್ಯಾಂಟಸಿ ಅನ್ನದೆ ಇನ್ನೇನನ್ನಬೇಕು? ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ, ಅಪ್ಪ ಅಲ್ಲಿ ಡಾಕ್ಟರು. ಅಲ್ಲಿ ಹುಡುಗನಾಗಿದ್ದಾಗ ನೋಡಿದ ಯಕ್ಷಗಾನದ ಭಾಗವತ ಮತ್ತು ಅರ್ಧ ಪರದೆ ಎರಡೂ ‘ಹಯವದನ’ದ ರಂಗದ ಮೇಲೆ ಬಂದು ನಿಂತಿವೆ. ವಾದಿರಾಜರು ತಲೆಯ ಮೇಲೆ ಹಿಡಿದ ಮಡ್ಡಿಯನ್ನು ಹಯಗ್ರೀವ ಬಿಳಿ ಕುದುರೆಯಾಗಿ ಬಂದು ತಿನ್ನುತ್ತಿದ್ದ ಅನ್ನೋದು ಸೋಂದೆಯ ಕಡೆ ಹೇಳುವ ಕತೆ. ಕಡಲೆಬೇಳೆ, ಬೆಲ್ಲ, ಕಾಯಿತುರಿಯ ಹಯಗ್ರೀವ ನಮ್ಮ ಹಬ್ಬದ ಎಲೆಯ ಮೇಲೆ ಈಗಲೂ ಬೀಳುತ್ತದೆ. ಇಂಥ ಕಡೆಯವರಿಗೆ ಕುದುರೆ ಮುಖದ ಮನುಷ್ಯ ಹೆದರಿಸುವ ವಿಚಿತ್ರ ಅಲ್ಲ. ಹಾಗಾಗಿ ಕಾರ್ನಾಡರು ಅವನನ್ನು ಏಕಕಾಲಕ್ಕೆ ನಗುವಿಗೂ ದುಃಖಕ್ಕೂ ಎಳೆದದ್ದು ನಮಗೆ ಇನ್ನೂ ಚೆನ್ನಾಗಿ ತಟ್ಟುತ್ತದೆ. ದೇವರಾಗದೆ, ಮನುಷ್ಯನೂ ಆಗದೆ ಉಳಿದ ಹಯಗ್ರೀವ ಅವನು.

ಎರಡರಲ್ಲಿ ನನ್ನ ಓಟು ಮಾತ್ರ ‘ನಾಗಮಂಡಲ’ಕ್ಕೆ. ಅದರ ಶುರುವಿನಲ್ಲಿ ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಪಾಳುಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಮನೆಯಲ್ಲಿ ಮುಚ್ಚಿಟ್ಟ ಕತೆಯೊಂದು ಹೆಂಗಸಿನ ರೂಪದಲ್ಲಿ ತಪ್ಪಿಸಿಕೊಂಡು ಬರುತ್ತದೆ. ಇಪ್ಪತ್ತನೇ ಶತಮಾನದ ಕನ್ನಡದಲ್ಲಿ ಇದಕ್ಕಿಂತ ಚೆಂದದ ಕಲ್ಪನೆ ನಾನು ಓದಿಲ್ಲ. ಆ ದೀಪಗಳ ವಿಳಾಸ ನಮಗೆ ಗೊತ್ತು, ಪ್ರತಿಯೊಂದೂ ಯಾವುದೋ ಮನೆಯದ್ದು. ಆ ಮನೆಯಲ್ಲಿ ಎಣ್ಣೆಗೆ ಎಷ್ಟು ಹಿಡಿತ ಅನ್ನೋದರ ಸಮೇತ.

ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕೂಡ ಇದೇ ಸಾಲಿನದ್ದು. ಮುಟ್ಟಿದ ವಸ್ತುವಿನ ಹಿಂದಿನ ಕಾಲವನ್ನು ಕಾಣಬಲ್ಲ ಅಜ್ಜಿ. ಮೊಮ್ಮಗ ಸುಬ್ಬರಾಯ ಗುಹೆಯಿಂದ ಹೆಕ್ಕಿ ತಂದ ಚೂರುಪಾರು ಅವಳ ಕೈಗಿಡುತ್ತಾನೆ, ಅವಳು ಸಾವಿರಾರು ವರ್ಷ ಹಿಂದಕ್ಕೆ ಹೋಗುತ್ತಾಳೆ. ಇಂಗ್ಲಿಷಿನವರಾಗಿದ್ದರೆ ಈ ಶಕ್ತಿಗೆ ಒಂದು ಹೆಸರಿಟ್ಟು, ಪ್ರಯೋಗಾಲಯಕ್ಕೆ ಕರೆದೊಯ್ದು, ಸರ್ಕಾರದ ಗುಪ್ತಚರರನ್ನು ಹಿಂದೆ ಬಿಟ್ಟು ಮೂರು ಸಂಪುಟ ಮಾಡುತ್ತಿದ್ದರು. ಕಾರಂತರು ಅಜ್ಜಿಯನ್ನು ಜಗಲಿಯಿಂದ ಏಳಿಸುವುದೇ ಇಲ್ಲ. ಶಕ್ತಿ ಹೇಗೆ ಬಂತು ಅಂತ ವಿವರಿಸುವ ಗೊಡವೆಗೂ ಹೋಗೋದಿಲ್ಲ. ಅವರಿಗೆ ಬೇಕಾದದ್ದು ಅದನ್ನಿಟ್ಟುಕೊಂಡು ದೇವರು, ಸಂಸಾರ, ಹೆಣ್ಣು ಗಂಡಿನ ಬಗ್ಗೆ ಏನು ಕೇಳಬಹುದು ಅನ್ನೋದು. ನನಗೊಂದು ದೂರು ಇದೆ. ಅಜ್ಜಿ ಅಲ್ಲಲ್ಲಿ ಕಾರಂತರ ಹಾಗೆಯೇ ಮಾತಾಡುತ್ತಾಳೆ. ಚರ್ಚೆ ಉದ್ದವಾದ ಕಡೆ ಕನಸು ತೆಳುವಾಗುತ್ತದೆ. ಆದರೂ ಈ ಕಾದಂಬರಿ ಓದಿದ ಮೇಲೆ ಮನೆ ಅಟ್ಟದ ಮೇಲಿನ ಹಳೇ ಪಾತ್ರೆ ಮುಟ್ಟುವಾಗ ಒಂದು ಕ್ಷಣ ಕೈ ತಡೆಯದವರು ಯಾರಿದ್ದಾರೆ ಹೇಳಿ.

ಈಗ ಡ್ರ್ಯಾಗನ್ನಿನ ವಿಷಯ. ತೇಜಸ್ವಿಯವರ ‘ಕರ್ವಾಲೋ’ (1980) ನಿಮ್ಮಲ್ಲಿ ಬಹಳ ಮಂದಿ ಓದಿರುತ್ತೀರಿ. ಮೂಡಿಗೆರೆಯ ಕಡೆಯ ಕೃಷಿಕ ನಿರೂಪಕ, ಜೇನು ಹಿಡಿಯುವ ಮಂದಣ್ಣ, ವಿಜ್ಞಾನಿ ಕರ್ವಾಲೋ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ. ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಕನ್ನಡದಲ್ಲಿ ಇದನ್ನು ನಮ್ಮ ವಿಮರ್ಶಕರು ಪರಿಸರ ಕಾದಂಬರಿ, ನವ್ಯದ ನಂತರದ ಕಾದಂಬರಿ, ತತ್ತ್ವದ ಕಾದಂಬರಿ ಅಂತೆಲ್ಲ ಕರೆದಿದ್ದಾರೆ. ನನ್ನ ಪ್ರಕಾರ ಇದು ಕನ್ನಡದ ಅತ್ಯುತ್ತಮ ಸೈನ್ಸ್ ಫಿಕ್ಷನ್. ಅನ್ಯಗ್ರಹದ ಜೀವಿಯನ್ನು ಮೊದಲ ಸಲ ಎದುರುಗೊಳ್ಳುವ ಕತೆಗಳಿಗೆ ಏನೇನು ಬೇಕೋ ಅವೆಲ್ಲ ಇಲ್ಲಿವೆ: ಒಂದು ಸುದ್ದಿ, ಅದನ್ನು ನಂಬುವ ಒಬ್ಬ ತಜ್ಞ, ಕಣ್ಣಾರೆ ಕಂಡವನೊಬ್ಬ, ಒಂದು ತಂಡ, ಒಂದು ಯಾನ, ಕೊನೆಗೆ ಎದುರು ಬದುರು. ವ್ಯತ್ಯಾಸ ಇಷ್ಟೇ, ಜೀವಿ ಬೇರೆ ನಕ್ಷತ್ರದಿಂದ ಬಂದಿಲ್ಲ, ಬೇರೆ ಕಾಲದಿಂದ ಬಂದಿದೆ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರಲ್ಲಿ ಬರೆದ ‘ಸೊಲಾರಿಸ್’ನಲ್ಲಿ ಗ್ರಹದ ಕಡಲು ವಿಜ್ಞಾನಿಗಳ ಯಾವ ಪ್ರಶ್ನೆಗೂ ಉತ್ತರ ಕೊಡೋದಿಲ್ಲ. ‘ಕರ್ವಾಲೋ’ದ ಓತಿಯೂ ಕೈಗೆ ಸಿಗೋದಿಲ್ಲ, ಬಂಡೆಯ ತುದಿಯಿಂದ ಕಣಿವೆಗೆ ತೇಲಿಹೋಗುತ್ತದೆ. ಲೆಮ್‌ನಲ್ಲಿ ಓದುಗನಿಗೆ ಉಳಿಯೋದು ಒಂದು ಚಳಿ. ತೇಜಸ್ವಿಯಲ್ಲಿ ಉಳಿಯೋದು ಬೇರೇನೋ. ಅಷ್ಟು ಹೊತ್ತಿಗೆ ಪೋಲೀಸು, ಸಾರಾಯಿ ಕೇಸು, ಜೇನು ಸೊಸೈಟಿ, ಮದುವೆ ಗಲಾಟೆ ಎಲ್ಲದರ ನಡುವೆ ನಡೆದು ಬಂದಿರೋದರಿಂದ ಅನಂತ ಅನ್ನೋದು ನಮ್ಮ ಗದ್ದೆಯಂಚಿನಲ್ಲೇ ಶುರುವಾಗುತ್ತದೆ ಅನ್ನಿಸುತ್ತದೆ.

ಇದನ್ನು ಬಯಲುಸೀಮೆಯ ಓದುಗರಿಗಿಂತ ಬೇರೆ ರೀತಿ ಓದುವ ಭಾಗ್ಯ ನಮ್ಮ ಕಡೆಯವರಿಗಿದೆ. ಹಾರುವ ಓತಿ ಕಟ್ಟುಕತೆ ಅಲ್ಲ. ಪಶ್ಚಿಮಘಟ್ಟದಲ್ಲಿರುವ ಅದರ ಶಾಸ್ತ್ರೀಯ ಹೆಸರು ಡ್ರ್ಯಾಕೋ ಡುಸುಮಿಯೆರಿ. ಡ್ರ್ಯಾಕೋ ಅಂದರೆ ಲ್ಯಾಟಿನ್ನಿನಲ್ಲಿ ಡ್ರ್ಯಾಗನ್ನೇ, ಆ ಹೆಸರಿಟ್ಟವನು ಲಿನೇಯಸ್. ಪಕ್ಕೆಲುಬುಗಳನ್ನು ಬಿಚ್ಚಿ ಅವುಗಳ ನಡುವಿನ ಚರ್ಮವನ್ನು ಕೊಡೆಯ ಹಾಗೆ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಗಂಡಿನ ಗಂಟಲಲ್ಲಿ ನಿಂಬೆಹಳದಿಯ ಒಂದು ಬಾವುಟ, ಅದನ್ನು ಚಾಚಿ ಚಾಚಿ ತೋರಿಸುತ್ತದೆ. ತಿನ್ನೋದು ಇರುವೆ. ಅಡಿಕೆ ತೋಟ ಅಂದರೆ ಅದಕ್ಕೆ ಅಚ್ಚುಮೆಚ್ಚು, ಸಾಲು ಸಾಲು ನೆಟ್ಟಗಿನ ಕಾಂಡಗಳು, ನಡುವೆ ತೇಲಲು ಖಾಲಿ ಜಾಗ. ಕಾದಂಬರಿಯ ಕತೆಯನ್ನು ಅಮ್ಮಮ್ಮನಿಗೆ ಹೇಳಿದಾಗ ಅವಳು ಅಡಿಕೆ ಸುಲಿಯೋದು ನಿಲ್ಲಿಸಲೂ ಇಲ್ಲ. "ಅದು ನಮ್ಮನೆ ತ್ವಾಟದಲ್ಲೇ ಇದ್ದಲಾ, ಅದ್ನ ಹುಡ್ಕಲೆ ಅಷ್ಟ್ ದೂರ ಎಂತಕ್ಕೆ ಹೋಜ್ವಡ" ಅಂದಳು.

ಈ ಮಾತಿನಿಂದ ಕಾದಂಬರಿ ಸಣ್ಣದಾಗಲಿಲ್ಲ, ದೊಡ್ಡದಾಯ್ತು. ತೇಜಸ್ವಿ ಹುಡುಕಿದ್ದು ಅಪರೂಪದ ಪ್ರಾಣಿಯನ್ನಲ್ಲ, ನೋಡುವ ಕಣ್ಣನ್ನು. ಮಂದಣ್ಣನನ್ನು ಊರೆಲ್ಲ ದಡ್ಡ ಅಂದುಕೊಂಡಿದೆ, ಕರ್ವಾಲೋ ಒಬ್ಬರಿಗೆ ಅವನಲ್ಲಿ ಹುಟ್ಟು ನಿಸರ್ಗವಿಜ್ಞಾನಿ ಕಾಣುತ್ತಾನೆ. ಕಾದಂಬರಿಯ ನಿಜವಾದ ಆವಿಷ್ಕಾರ ಅದು. ಅಣ್ಣನ ಮಗಳಿಗೆ ನಾನು ಕೊಟ್ಟ ಉತ್ತರವೂ ಇಷ್ಟೇ: ಡ್ರ್ಯಾಗನ್ ಇದೆ, ಮನೆ ಹಿಂದಿನ ತೋಟದಲ್ಲಿದೆ, ಬೆಂಕಿ ಉಗುಳೋದಿಲ್ಲ, ಅಂಗೈಯಗಲ ಇದೆ. ಅವಳಿಗೆ ಮೋಸ ಹೋದ ಹಾಗಾಯ್ತು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹಾಗಾದರೆ ಸೈನ್ಸ್ ಫಿಕ್ಷನ್ ಅಂತ ಹೇಳಿಕೊಂಡೇ ಬಂದ ಕನ್ನಡ ಪುಸ್ತಕಗಳು? ಇವೆ. ಈ ಪ್ರಕಾರಕ್ಕೆ ನಿಷ್ಠೆಯಿಂದ ದುಡಿದವರು ರಾಜಶೇಖರ ಭೂಸನೂರಮಠ. ‘ಆಪರೇಶನ್ ಯು.ಎಫ್.ಓ.’ದಂಥ ಹೆಸರಿನಲ್ಲಿ, ಯಾವ ವಿಮರ್ಶಕರೂ ತಿರುಗಿ ನೋಡದ ಕಾಲದಲ್ಲಿ ಬರೆದರು. 1993ರಲ್ಲಿ ಬಾಳ ಫೋಂಡ್ಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ ತಂದ ಭಾರತೀಯ ವೈಜ್ಞಾನಿಕ ಕತೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರ ಕತೆಯಿದೆ. ಅವರನ್ನು ಓದುವಾಗ ಉತ್ಸಾಹ ಮೆಚ್ಚುತ್ತೇನೆ. ಗದ್ಯ ಮಾತ್ರ ಮೇಷ್ಟ್ರ ಗದ್ಯ, ಕೈಯಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ಮಹಾಭಾರತಕ್ಕೂ ಅನ್ಯಗ್ರಹಕ್ಕೂ ಗಂಟುಹಾಕಿದ ‘ಮನು’ ಅವರ ‘ಮಹಾಸಂಪರ್ಕ’ ಹದಿನಾರರಲ್ಲಿ ರಾತ್ರಿಯಿಡೀ ಓದಿಸಿತ್ತು. ಈಗ ತೆರೆದರೆ, ನಮ್ಮ ಪುರಾಣದ ಪ್ರತಿಯೊಂದಕ್ಕೂ ಯಂತ್ರದ ಅರ್ಥ ಹಚ್ಚಲೇಬೇಕಾ ಅನ್ನೋ ಕಿರಿಕಿರಿ. ಪುಷ್ಪಕವನ್ನು ಹೆಲಿಕಾಪ್ಟರ್ ಮಾಡಿದರೆ ಹೆಲಿಕಾಪ್ಟರೇ ಸಿಗೋದು, ಪುಷ್ಪಕ ಹೋಗಿಬಿಡುತ್ತದೆ.

ಭೈರಪ್ಪನವರ ‘ಯಾನ’ (2014) ಬಗ್ಗೆ ನನ್ನ ಗೆಳೆಯರ ಜೊತೆ ಎರಡು ಸಲ ಜಗಳ ಆಗಿದೆ. ಹಿಂತಿರುಗಿ ಬರಲಾರದ ಅಂತರಿಕ್ಷ ನೌಕೆ, ಅದರೊಳಗೇ ಹುಟ್ಟಿ ಬೆಳೆದ ಮಕ್ಕಳು, ಮುಂದಿನ ಪೀಳಿಗೆ ಹುಟ್ಟಬೇಕಾದರೆ ಅವರೇನು ಮಾಡಬೇಕು ಅನ್ನುವ ಪ್ರಶ್ನೆ. ವಸ್ತು ಸಣ್ಣದಲ್ಲ, ಎಂಬತ್ತು ದಾಟಿದ ಲೇಖಕರೊಬ್ಬರು ಇಂಥದ್ದಕ್ಕೆ ಕೈಹಾಕಿದ ಧೈರ್ಯವೂ ಸಣ್ಣದಲ್ಲ. ಭೂಮಿಯನ್ನೇ ನೋಡದ ಮಗುವಿಗೆ ಮಳೆ ಅಂದರೇನು ಅಂತ ಹೇಗೆ ಹೇಳೋದು? ಈ ಒಂದು ಪ್ರಶ್ನೆ ಸಾಕಿತ್ತು ನನಗೆ, ಇದರ ಸುತ್ತಲೇ ಸುಳಿದಾಡಿದ್ದರೆ ದೊಡ್ಡ ಕಾದಂಬರಿ ಆಗುತ್ತಿತ್ತು. ಆದರೆ ನೌಕೆಯ ಒಳಗೆ ವಾದ ತುಂಬಿದೆ, ವಾಸನೆ ಇಲ್ಲ. ಅಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಬದುಕುವವರ ಊಟ, ಬೇಸರ, ಜಗಳ, ಯಾವ ಗೋಡೆಗೆ ಯಾರು ಒರಗಿ ಕೂರುತ್ತಿದ್ದರು, ಇದಾವುದೂ ನನ್ನ ಕಣ್ಣಿಗೆ ಕಟ್ಟಲಿಲ್ಲ. ನನ್ನ ವಿಳಾಸದ ಗೋಲು ಅಂತರಿಕ್ಷಕ್ಕೂ ಅನ್ವಯಿಸುತ್ತದೆ.

ಕೆ.ಎನ್. ಗಣೇಶಯ್ಯನವರದ್ದು ಇನ್ನೊಂದು ದಾರಿ. ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ, ಪಶ್ಚಿಮಘಟ್ಟದ ಸಸ್ಯಗಳ ಬಗ್ಗೆ ಕೆಲಸ ಮಾಡಿದವರು. ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ತೆನೆಯಿಂದ ಶುರುವಾಗುತ್ತದೆ. ಕಾದಂಬರಿಯ ಜೊತೆಗೆ ಆಧಾರಗಳ ಪಟ್ಟಿ ಕೊಡುವುದು ಅವರ ಪದ್ಧತಿ. ಬೆಂಗಳೂರಿನ ಮೆಟ್ರೋದಲ್ಲಿ ಓದಲು ಹೇಳಿ ಮಾಡಿಸಿದ ಪುಸ್ತಕಗಳು, ಇದು ಬೈಗುಳ ಅಲ್ಲ. ಅವರ ಪಾತ್ರಗಳು ಸುಳಿವಿನಿಂದ ಸುಳಿವಿಗೆ ಓಡುವ ಅವಸರದಲ್ಲಿ ಕಾಫಿ ಕುಡಿಯಲೂ ನಿಲ್ಲೋದಿಲ್ಲ ಅನ್ನೋದು ನಿಜ. ಆದರೆ ಒಂದು ಕಾಳು ಎಲ್ಲಿಂದ ಬಂತು ಅನ್ನೋದು ಕೊಲೆ ಯಾರು ಮಾಡಿದರು ಅನ್ನೋದಕ್ಕಿಂತ ರೋಚಕ ಅಂತ ಕನ್ನಡದ ಸಾವಿರಾರು ಓದುಗರನ್ನು ನಂಬಿಸಿದ್ದಾರೆ.

ಕೊನೆಯದಾಗಿ ಮತ್ತೆ ಲೆ ಗ್ವಿನ್. ಅವರ ‘ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ ಬಂದದ್ದು 1972ರಲ್ಲಿ, ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ. ಮರವೇ ಉಳಿಯದ ಭೂಮಿಯಿಂದ ಜನ ಇನ್ನೊಂದು ಗ್ರಹಕ್ಕೆ ಹೋಗಿ ಅಲ್ಲಿಯ ಕಾಡು ಕಡಿದು ದಿಮ್ಮಿ ಸಾಗಿಸುತ್ತಾರೆ. ಅಲ್ಲಿಯವರ ಭಾಷೆಯಲ್ಲಿ ಕಾಡಿಗೂ ಲೋಕಕ್ಕೂ ಒಂದೇ ಪದ. ಇದನ್ನು ನಾನು ಓದಿದ್ದು ಬೆಂಗಳೂರಿನ ಪೀಜಿಯೊಂದರಲ್ಲಿ. ಓದುತ್ತಾ ತಲೆಯಲ್ಲಿ ಓಡುತ್ತಿದ್ದದ್ದು ಸಾಲ್ಕಣಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಆ ಊರಿನ ಹತ್ತಿರದ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿಯೋದನ್ನು ನಿಲ್ಲಿಸಿದರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಚಳವಳಿಯೇ ಅಪ್ಪಿಕೋ. ಅದಕ್ಕೂ ಸ್ವಲ್ಪ ಮೊದಲು ಬೇಡ್ತಿ ಹೊಳೆಯ ವಿದ್ಯುತ್ ಯೋಜನೆಯನ್ನು ಇದೇ ಸೀಮೆಯ ಅಡಿಕೆ ಬೆಳೆಗಾರರು ಲೆಕ್ಕಪತ್ರ ಹಿಡಿದು, ವಿಜ್ಞಾನಿಗಳನ್ನು ಕರೆಸಿ ಪ್ರಶ್ನಿಸಿದ್ದರು. ಶಾಲ್ಮಲೆ ಹೋಗಿ ಸೇರೋದು ಆ ಬೇಡ್ತಿಯನ್ನೇ. ಈಗ ಅದೇ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಎದ್ದಿದೆ, ಸ್ವರ್ಣವಲ್ಲಿ ಶ್ರೀಗಳಿಂದ ಹಿಡಿದು ತೋಟಿಗರವರೆಗೆ ಸಭೆಗಳು ನಡೆಯುತ್ತಿವೆ.

ನಮ್ಮಲ್ಲೂ ಒಂದು ಪದ ಇದೆ: ಬೆಟ್ಟ. ಬೇರೆ ಕಡೆಯವರಿಗೆ ಅದು ಗುಡ್ಡ, ನಮಗೆ ತೋಟದ ತಲೆಯ ಮೇಲಿನ ಕಾಡು. ಒಂದು ಎಕರೆ ಅಡಿಕೆಗೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಹಕ್ಕು. ಸೊಪ್ಪು, ದರಕು, ಸೌದೆ ಎಲ್ಲ ಅಲ್ಲಿಂದ. ಲೆ ಗ್ವಿನ್ ಕಾದಂಬರಿಯ ಬಗ್ಗೆ ನನ್ನ ದೂರು ಹುಟ್ಟಿದ್ದು ಈ ಪದದಿಂದಲೇ. ಅವರ ಕಾಡಿನಲ್ಲಿ ಕಡಿಯುವವರು ಒಂದು ಪಕ್ಷ, ಬದುಕುವವರು ಇನ್ನೊಂದು. ದಿಮ್ಮಿ ಶಿಬಿರದ ಡೇವಿಡ್‌ಸನ್ ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಬಣ್ಣದ ದುಷ್ಟ. ನಮ್ಮ ಬೆಟ್ಟದಲ್ಲಿ ಅದೇ ಮನುಷ್ಯ ಬೆಳಿಗ್ಗೆ ಕತ್ತಿ ಹಿಡಿದು ಮರ ಹತ್ತಿ ಸೊಪ್ಪು ಸವರುತ್ತಾನೆ, ಮಧ್ಯಾಹ್ನ ಕಂಟ್ರಾಕ್ಟರನ ಗರಗಸಕ್ಕೆ ಅಡ್ಡ ನಿಂತು ಅದೇ ಮರ ಅಪ್ಪಿಕೊಳ್ಳುತ್ತಾನೆ. ಈ ಇಬ್ಬಂದಿ ಲೆ ಗ್ವಿನ್‌ರಿಗೆ ಸಿಗಲಿಲ್ಲ, ತೇಜಸ್ವಿಗೆ ಸ್ವಲ್ಪ ಸಿಕ್ಕಿತು. ಆದರೂ ಸೆಲ್ವರ್ ಅನ್ನೋ ಪಾತ್ರಕ್ಕಾಗಿ ನೀವು ಈ ಪುಸ್ತಕ ಓದಬೇಕು. ಅವನ ಜನರ ಭಾಷೆಯಲ್ಲಿ ದೇವರು ಮತ್ತು ಅನುವಾದಕ ಎರಡಕ್ಕೂ ಒಂದೇ ಮಾತು. ಅವನು ಕನಸಿನಿಂದ ಎಚ್ಚರಕ್ಕೆ ಅನುವಾದಿಸಿ ತರುವ ಹೊಸ ವಿದ್ಯೆ ಕೊಲ್ಲುವುದು.

ಕನ್ನಡದಲ್ಲಿ ಈ ಜಾತಿಯ ಪುಸ್ತಕ ಇಲ್ಲ ಅನ್ನುವ ಮಾತಿನಲ್ಲಿ ನಿಜವಾದ ಅರ್ಧ ಇಲ್ಲಿದೆ. ಉತ್ತರ ಕನ್ನಡದಷ್ಟು ಸೈನ್ಸ್ ಫಿಕ್ಷನ್ ಒಳಗೇ ಬದುಕಿದ ಜಿಲ್ಲೆ ಇನ್ನೊಂದಿರಲಾರದು. ಕಾಳಿ ಹೊಳೆಯ ದಂಡೆಯ ಕಾಡಿನ ನಡುವೆ ಕೈಗಾ ಅಣುಸ್ಥಾವರ. 1989ರಲ್ಲಿ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ ಪರಿಸರದ ಹೆಸರಿನಲ್ಲಿ ಲೋಕಸಭೆಗೆ ನಿಂತದ್ದು ಇದೇ ಕ್ಷೇತ್ರದಿಂದ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕಳಚಿ ಬಿತ್ತು. ಅದೇ ಸ್ಥಾವರದ ಮೊದಲ ಘಟಕ 2018ರ ಡಿಸೆಂಬರ್ 31ರ ಹೊತ್ತಿಗೆ 962 ದಿನ ಒಂದು ಕ್ಷಣವೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಮೂಕಜ್ಜಿಯನ್ನು ಬರೆದ ಮನುಷ್ಯ, ಕುಸಿದ ಗುಮ್ಮಟ, ಮೂರು ವರ್ಷಕ್ಕೆ ಹತ್ತಿರ ಹತ್ತಿರ ಆರದೆ ಉರಿದ ಒಲೆ, ಸುತ್ತ ಹಾರ್ನ್‌ಬಿಲ್ ಕೂಗುವ ಕಾಡು. ಇದಕ್ಕಿಂತ ಇನ್ನೇನು ಬೇಕು ಒಬ್ಬ ಕಾದಂಬರಿಕಾರನಿಗೆ? ನಾಗೇಶ ಹೆಗಡೆಯವರಂಥ, ಶಿರಸಿ ಕಡೆಯವರೇ ಆದ ವಿಜ್ಞಾನ ಲೇಖಕರು ಪರಿಸರದ ಬಗ್ಗೆ ದಶಕಗಟ್ಟಲೆ ಲೇಖನ ಬರೆದರು. ಕತೆಗಾರರು ಮಾತ್ರ ಆ ಬೇಲಿಯ ಹತ್ತಿರ ಹೋಗಿದ್ದು ನನ್ನ ಓದಿನಲ್ಲಿ ಸಿಕ್ಕಿಲ್ಲ.

ಆ ಕಾದಂಬರಿ ಬಂದರೆ ಹೇಗಿರಬೇಕು ಅಂತ ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ವಿಕಿರಣದ ಪಾಠ ಬೇಡ, ಮಂತ್ರಿ ಬೇಡ, ಕೊನೆಯ ಕ್ಷಣದಲ್ಲಿ ಗುಂಡಿ ಒತ್ತಿ ಲೋಕ ಉಳಿಸುವ ಯುವವಿಜ್ಞಾನಿಯಂತೂ ಬೇಡವೇ ಬೇಡ. ಪಾಳಿ ಮುಗಿಸಿ ಟೌನ್‌ಶಿಪ್ಪಿನ ಬಸ್ಸಿಗೆ ಕಾಯುವ ಒಬ್ಬಳು ಆಪರೇಟರ್ ಇರಲಿ. ಕಾಡು ಬಿಟ್ಟು ಪುನರ್ವಸತಿಗೆ ಬಂದ ಒಬ್ಬ ಮುದುಕ ಇರಲಿ. ಅವನು ಬಿಟ್ಟುಬಂದ ಊರಿನ ಭೂತಕ್ಕೆ ಈಗ ಕಾಯಿ ಒಡೆಯುವವರಿಲ್ಲ, ಅದು ಹಸಿದುಕೊಂಡು ಬೇಲಿಯ ತನಕ ಬಂದಿದೆ, ಸೆಕ್ಯುರಿಟಿಯವನು ಐಡಿ ಕಾರ್ಡು ಕೇಳುತ್ತಿದ್ದಾನೆ.

ಅಣ್ಣನ ಮಗಳು ‘ಕರ್ವಾಲೋ’ ಮುಗಿಸಿದ್ದಾಳೆ. ಮಂದಣ್ಣ ಇಷ್ಟ ಆದನಂತೆ, ನಿರೂಪಕ ಸುಮ್ಮನೆ ಗೊಣಗುತ್ತಾನಂತೆ. ‘ನಾಗಮಂಡಲ’ದ ದೀಪಗಳು ಇನ್ನೂ ಸ್ವಲ್ಪ ಹೊತ್ತು ಮಾತಾಡಬೇಕಿತ್ತಂತೆ. ‘ಮೂಕಜ್ಜಿ’ ಅರ್ಧದಲ್ಲಿ ನಿಂತಿದೆ, ಪರೀಕ್ಷೆ ಮುಗಿಯಲಿ ಅಂದಿದ್ದಾಳೆ.